ತುಳಸಿಯ ಕತ್ತಲೆ ಕೋಣೆ

ಮಹತಿ ಕಲ್ಲು ಮನಸ್ಸಿನ ಹುಡುಗಿ. ತುಳಸಿ ಬೆಳಕನ್ನು ಹೇಗೆ ಗುರುತಿಸುತ್ತದೆಂದು ಯಲಹಂಕದ ನಮ್ಮ ಪ್ರಯೋಗಾಲಯದಲ್ಲಿ ಹುಡುಕುವ ಇವಳು, ಕ್ಯಾಂಟೀನಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸುತ್ತಾಳೆ: “ಬೆಳಕು ಗುರುತಿಸೋ ಈ ಜೀನ್‌ಗಳೆಲ್ಲ ಒಂದೇ ಅಜ್ಜಿ ಮೊಮ್ಮಕ್ಕಳು ಕಣ್ರೀ. ಒಂದು ಕೆಂಪು ಬೆಳಕಿಗೆ ಏಳುತ್ತೆ, ಇನ್ನೊಂದು ಮಿಣುಕು ಬೆಳಕಿಗೇ ಎದ್ದು ಕೂತಿರುತ್ತೆ.” ಅವಳ ಕತ್ತಲೆ ಕೋಣೆಯ ಸಸಿಗಳ ಮೇಲೆ ಕ್ಷಣಕಾಲ ಬೆಳಕು ಬಿದ್ದರೂ ತಿಂಗಳುಗಟ್ಟಲೆ ಮಾಡಿದ ಪ್ರಯೋಗ ಹಾಳು. ಅದಕ್ಕೇ ಮೊಬೈಲ್ ಹಿಡಿದು ಬಂದ ನಿರ್ದೇಶಕರನ್ನೇ ಹೊರಗೆ ಅಟ್ಟಿದ್ದಾಳೆ; ನೆಲ ಒರೆಸುವ ಮುನಿಗಂಗಮ್ಮನೂ ಒಳಗೆ ತಡಕಾಡಿಕೊಂಡೇ ಒರೆಸಬೇಕು. ನಿನ್ನೆ ಮುನಿಗಂಗಮ್ಮ ಅಲ್ಲಿ ಜಾರಿ ಬಿದ್ದು ನರಳಿದಾಗ, ಓಡಿಬಂದು ದೀಪ ಹಾಕಿದವಳು ಮಹತಿಯೇ. “ಅಯ್ಯೋ, ಗಿಡ ಆಳಾಯ್ತಲ್ಲವ್ವ” ಎಂದು ಮುನಿಗಂಗಮ್ಮ ಗಾಬರಿಯಾದಳು. “ಬೀಜ ಮತ್ತೆ ಹಾಕ್ತೀನಿ, ಕಾಲು ತೋರ್ಸಿ” ಎಂದು ಮಹತಿ, ಸಸಿಗಳತ್ತ ನೋಡದೆ ನೆಲದ ಮೇಲೆ ಕೂತಳು.