ಬಡವನಹಳ್ಳಿಯಲ್ಲಿ ಸ್ವಿಸ್ ಅಧ್ಯಕ್ಷ

ನನ್ನ ಮಾತು ಕೇಳಿಯೇ ಪಂಚಾಯಿತಿ ಅಧ್ಯಕ್ಷರು ಬಸ್ಸು ಹತ್ತಿದರೆಂದು ನನ್ನ ನೆನಪು. ಅದು ನಿಜವೋ ಅಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಬಡವನಹಳ್ಳಿಯ ಟೀ ಅಂಗಡಿಯಲ್ಲಿ ನನ್ನೆದುರು ಅವರೂ ಸದಸ್ಯೆ ರಂಗಮ್ಮನೂ ಕೂತಿದ್ದರು. ಸದಸ್ಯರ ಒಳಒಪ್ಪಂದದಂತೆ ಅಧ್ಯಕ್ಷರ ಅವಧಿ ಮುಗಿದಿತ್ತು. ಮಧುಗಿರಿಯ ಉಪವಿಭಾಗಾಧಿಕಾರಿ (ಎಸಿ) ಕಚೇರಿಯಲ್ಲಿ ರಾಜೀನಾಮೆ ಕೊಟ್ಟರೆ ಕುರ್ಚಿ ರಂಗಮ್ಮನಿಗೆ. ಅಧ್ಯಕ್ಷರು ಮಾತ್ರ ಏಳುತ್ತಿರಲಿಲ್ಲ.

ಎಲ್ಲೋ ಓದಿದ್ದ ಸ್ವಿಸ್ ಉದಾರವಾದಿ ರಾಜಕಾರಣಿಯೊಬ್ಬನ ವಿಷಯ ಹೇಳಿದೆ. ಅಲ್ಲಿ ಮಂತ್ರಿಗಳೇ ಸರದಿಯಂತೆ ಒಂದೊಂದು ವರ್ಷ ದೇಶದ ಅಧ್ಯಕ್ಷರು. ಹಾಗೆ ಅಧ್ಯಕ್ಷನಾದ ಆತ ವರ್ಷ ತುಂಬುತ್ತಲೇ ಇಳಿದ.

"ಕೇಳಿಸ್ಕಂಡ್ಯಾ ಅಣ್ಣ? ದೇಶಾನೇ ಬುಟ್ಟವ್ನೆ," ಎಂದರು ರಂಗಮ್ಮ.

"ಇಳಿದ್ಮೇಲೆ ಏನಾದ ಸಾ?" ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

"ಮಂತ್ರಿಯಾಗೇ ಉಳಿದ."

"ನನ್ನೂ ಮಂತ್ರಿ ಮಾಡ್ಬುಡು ಕಣಮ್ಮ, ಈಗ್ಲೇ ಇಳೀತೀನಿ."

ಆದರೂ ಮಧುಗಿರಿಯ ಬಸ್ಸು ಬಂದಾಗ ನಗುತ್ತಾ ಅವರೇ ಮೊದಲು ಹತ್ತಿದರು. ರಂಗಮ್ಮ ನನಗೆ ಕೈಮುಗಿದರು.

ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಅಂದು ನಾಲ್ಕನೇ ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ.