ಸಿನಿಮಾ ಮುಗಿಯಿತೆಂದು ಹೇಳುವ ಟಾರ್ಚಕ್ಕ

ಬೀದಿಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಚಿತ್ರಮಂದಿರದ ಹೊರಬಾಗಿಲುಗಳನ್ನೆಲ್ಲ ಹಾರುಹೊಡೆದು ಟಾರ್ಚಕ್ಕ ಒಳಗಿನ ಹಳೆ ಗಾಳಿಯನ್ನು ಆಚೆಗಟ್ಟುತ್ತಿದ್ದಾರೆ. ನಿನ್ನೆಯ ಪಾಪ್‌ಕಾರ್ನ್, ಬೆವರು, ಯಾರದೋ ಘಾಟು ಸೆಂಟು, ಎಲ್ಲ ಸೇರಿದ ವಾಸನೆ ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಎಣ್ಣೆಯ ಪುಟ್ಟ ಡಬ್ಬಿ ಹಿಡಿದು ಅವರು ಒಂದೊಂದೇ ಚಿಲಕಕ್ಕೆ ಎರಡೆರಡು ಹನಿ ಬಿಡುತ್ತಾರೆ. ಆಮೇಲೆ ಕಿವಿ ಹತ್ತಿರ ತಂದು ಎಳೆದು ನೋಡುತ್ತಾರೆ. ಕಿರ್ ಎನ್ನಬಾರದು.

"ನಾಯಕಿ ಅಳ್ತಾ ಇರೋವಾಗ ಚಿಲಕ ಕಿರ್ ಅಂದ್ರೆ ಹೆಂಗಿರುತ್ತೆ ಹೇಳಿ? ಪಾಪ, ಅವಳು ಎಷ್ಟು ಕಷ್ಟಪಟ್ಟು ಅತ್ತಿರ್ತಾಳೆ!" ಎಂದು ನಗುತ್ತಾರೆ.

ಈ ಥಿಯೇಟರಿನಲ್ಲಿ ಬಲಗಡೆಯ ಬಾಗಿಲು ಟಾರ್ಚಕ್ಕನದು, ಎಡಗಡೆಯದು ಅವರಿಗಿಂತ ಹಿರಿಯರಾದ, ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಇನ್ನೊಬ್ಬ ಕೆಲಸಗಾರರದು. ದಿನಕ್ಕೆ ನಾಲ್ಕು ಆಟ. ತಡವಾಗಿ ಬಂದವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಫೋನಿನಲ್ಲಿ ಹರಟುವವರನ್ನು ಗದರುವುದು, ಸೀಟಿನಡಿ ಚಪ್ಪಲಿ ಕಳೆದುಕೊಂಡವರಿಗೆ ಹುಡುಕಿ ಕೊಡುವುದು ಇದ್ದದ್ದೇ. ಆದರೆ ಅಸಲಿ ಕೆಲಸ ಕೊನೆಯ ನಿಮಿಷದ್ದು. ಸಿನಿಮಾ ಮುಗಿದ ಕೂಡಲೇ ಬಾಗಿಲು ತೆರೆಯಬೇಕು. ಬಾಗಿಲಾಚೆ ನೇರ ಬೀದಿ, ಹಗಲಿನ ಆಟವಾದರೆ ಬಿಸಿಲು ಸೀದಾ ಪರದೆಯ ಮೇಲೆಯೇ ಹೊಡೆಯುತ್ತದೆ. ಒಂದು ಗಳಿಗೆ ಮುಂಚೆ ತೆರೆದರೂ ಕಥೆ ಕೆಟ್ಟಿತು. ತಡ ಮಾಡಿದರೆ ಜನ ಬಾಗಿಲ ಮೇಲೇ ಬೀಳುತ್ತಾರೆ.

ಮೊದಲು ಇಷ್ಟು ತಲೆನೋವು ಇರಲಿಲ್ಲ. ಮೇಲಿನ ಕೋಣೆಯಲ್ಲಿ ಮಷೀನು ಓಡಿಸುವವರೊಬ್ಬರು ಕೂತಿರುತ್ತಿದ್ದರು. ಮುಗಿಯುವ ಹೊತ್ತಾದರೆ ಬೆಲ್ ಒತ್ತುತ್ತಿದ್ದರು. ಈಗ ತಾನೇ ಓಡಿ ತಾನೇ ನಿಲ್ಲುವ ಮಷೀನು ಬಂದಿದೆ, ಬೆಲ್ ಒತ್ತುವವರಿಲ್ಲ. ಹಾಗಾಗಿ ಹೊಸ ಚಿತ್ರದ ಮೊದಲ ಆಟವೆಂದರೆ ಟಾರ್ಚಕ್ಕನಿಗೆ ಕಣ್ಣು ಕಟ್ಟಿ ರಸ್ತೆ ದಾಟಿಸಿದ ಹಾಗೆ. ಒಂದು ಸಲ ನೋಡಿಬಿಟ್ಟರೆ ಸಾಕು, ಎರಡನೇ ಆಟದಿಂದ ಅವರ ಕೈ ತಾನಾಗಿ ಚಿಲಕಕ್ಕೆ ಹೋಗುತ್ತದೆ.

ಆ ಕೈಯೇ ಹೋದ ತಿಂಗಳು ಅವರ ಮಾನ ಕಳೆಯಿತು.

ಭಾವ-ಭಾಮೈದರ ಹಾಸ್ಯಚಿತ್ರವೊಂದು ಹಿಂದೊಮ್ಮೆ ಇಲ್ಲಿ ವಾರಗಟ್ಟಲೆ ಓಡಿತ್ತು. ಕೊನೆಯಲ್ಲಿ ಭಾವ ಬಣ್ಣದ ಡ್ರಮ್ಮಿಗೆ ಬೀಳುತ್ತಾನೆ, ಮನೆಮಂದಿಯೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಶುಭಂ. ಜನ ಬಿದ್ದು ಬಿದ್ದು ನಕ್ಕರು. ಈಗ ಅದರ ಎರಡನೇ ಭಾಗ ಬಂತು. ಅದೇ ಭಾವ, ಅದೇ ಭಾಮೈದ, ಅದೇ ಮನೆ. ಮೊದಲ ಆಟ. ಭಾವ ಮತ್ತೆ ಡ್ರಮ್ಮಿಗೆ ಬಿದ್ದ. ಮನೆಮಂದಿ ಮತ್ತೆ ಸಾಲಾಗಿ ನಿಂತರು. ಟಾರ್ಚಕ್ಕ ಹಿಂದೆಮುಂದೆ ನೋಡದೆ ಚಿಲಕ ಎಳೆದೇಬಿಟ್ಟರು! ಅವರನ್ನು ನೋಡಿ ದೊಡ್ಡಪ್ಪನೂ ಎಳೆದರು. ಬಿಸಿಲು ನುಗ್ಗಿತು, ಜನ ಎದ್ದರು, ಮುಂದಿನ ಸಾಲಿನವರು ಆಗಲೇ ಬೀದಿಯಲ್ಲಿದ್ದರು. ಒಳಗೆ ನೋಡಿದರೆ ಸಿನಿಮಾ ಇನ್ನೂ ಕಾಲು ಗಂಟೆ ಬಾಕಿ. ಚಿತ್ರದಲ್ಲಿ ಭಾವನ ಮನೆಗೆ ನುಗ್ಗಿದ್ದ ಕಳ್ಳ ಯಾರೆಂದು ತಿಳಿಯದೆಯೇ ಅರ್ಧ ಜನ ಮನೆ ಸೇರಿದರು.

"ನನ್ನ ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಸಿನಿಮಾ ಮಾಡಿದವ್ರದ್ದೂ ಒಂಚೂರು ಇದೆ. ಎಲ್ಲಾನೂ ಹಿಂದಿನ ಸಲದ ಹಾಗೇ ಮಾಡಿ, ಕೊನೇಲಿ ಮಾತ್ರ ಬೇರೆ ಮಾಡಿದ್ರೆ ನಾನೇನ್ ಮಾಡ್ಲಿ?" ಎನ್ನುತ್ತಾರೆ.

ಹಾಸ್ಯಚಿತ್ರಗಳ ಎರಡನೇ ಭಾಗ, ಮೂರನೇ ಭಾಗಗಳ ಬಗ್ಗೆ ಟಾರ್ಚಕ್ಕನನ್ನು ಕೇಳಬೇಕು. ಬಾಯಿ ಬಿಟ್ಟರೆ ಮುಗಿಯಿತು. "ನೋಡಿ, ಒಬ್ಬ ಜೋಕು ಹೇಳ್ತಾನೆ. ಎಲ್ರೂ ನಗ್ತಾರೆ. ಅವನಿಗೆ ಖುಷಿಯಾಗಿ ಅದನ್ನೇ ಇನ್ನೊಂದು ಸಲ ಹೇಳ್ತಾನೆ, ಸ್ವಲ್ಪ ಜೋರಾಗಿ. ಎರಡನೇ ಭಾಗ ಅಂದ್ರೆ ಅಷ್ಟೇ. ಮೊದಲನೇದ್ರಲ್ಲಿ ಭಾವ ಒಬ್ಬ ಬೀಳ್ತಾನೆ. ಎರಡನೇದ್ರಲ್ಲಿ ಭಾವನ ಜೊತೆ ಮಾವನೂ ಬೀಳ್ತಾರೆ. ಮೂರನೇದ್ರಲ್ಲಿ ಬೀಳೋಕೆ ಯಾರೂ ಇಲ್ದೆ ಡ್ರಮ್ಮೇ ಅಟ್ಟಿಸ್ಕೊಂಡು ಬರುತ್ತೆ!" ಹೀಗೆಂದ ಬಾಯಲ್ಲೇ, "ಆದ್ರೂ ಬೈಯೋಕೆ ಮನಸ್ಸು ಬರಲ್ಲ ಕಣ್ರೀ. ಜನ ಒಳಗೆ ಬರೋವಾಗ್ಲೇ ಮುಖದಲ್ಲಿ ನಗು ಇಟ್ಕೊಂಡೇ ಬರ್ತಾರೆ. ಹಳೇ ಸ್ನೇಹಿತರ ಮನೆಗೆ ಬಂದ ಹಾಗೆ" ಎಂದೂ ಸೇರಿಸುತ್ತಾರೆ.

ಥಿಯೇಟರಿನ ಯಜಮಾನರಿಗೆ ಮಾತ್ರ ನಗು ಬರಲಿಲ್ಲ. ಅವರು ಕೂಗಾಡುವ ಜಾತಿಯವರಲ್ಲ. ಮೆಲ್ಲಗೆ ಕರೆದು, "ಅಕ್ಕಾ, ಇನ್ನೊಂದ್ಸಲ ಹಿಂಗಾದ್ರೆ ನೀವು ಹೊರಗಡೆ ಸೈಕಲ್ ಸ್ಟ್ಯಾಂಡ್ ನೋಡ್ಕೊಳ್ಳಿ. ಬಾಗಿಲಿಗೆ ಬೇರೆಯವ್ರನ್ನ ಹಾಕ್ತೀನಿ" ಎಂದರು. ಟಾರ್ಚಕ್ಕನಿಗೆ ಅದು ಎದೆಗೆ ನಾಟಿತು. ಸೈಕಲ್ ಸ್ಟ್ಯಾಂಡಿನಲ್ಲಿ ಸಂಬಳ ಅಷ್ಟೇ ಇದೆ, ಕೆಲಸವೂ ಹಗುರ. ಆದರೆ ಅಲ್ಲಿ ಸಿನಿಮಾ ಇಲ್ಲ. ಗಂಡ ತೀರಿಹೋದ ಮೇಲೆ ಮಗಳನ್ನು ಸಾಕಿ, ಓದಿಸಿ, ಮದುವೆ ಮಾಡಿದ್ದು ಈ ಕತ್ತಲಿನೊಳಗೆ ನಿಂತೇ. "ಹೊರಗೆ ಬಿಸಿಲಲ್ಲಿ ಸೈಕಲ್ ಮುಖ ನೋಡ್ಕೊಂಡು ಕೂತ್ರೆ ನಾನು ಸತ್ತೇಹೋಗ್ತೀನಿ ಅಂತ ಮಗಳ ಹತ್ರ ಅತ್ತುಬಿಟ್ಟೆ" ಎನ್ನುತ್ತಾರೆ.

ಅಷ್ಟರಲ್ಲಿ ಬಂದದ್ದು ನೀರಾನೆಯ ಸಿನಿಮಾ, ಭಾನುವಾರ ಬೆಳಗ್ಗೆ ಅದರ ಮೊದಲ ಆಟ. ಮಕ್ಕಳ ಪುಸ್ತಕವೊಂದನ್ನು ಆಧರಿಸಿದ್ದು. ಆ ಪುಸ್ತಕ ಟಾರ್ಚಕ್ಕನ ಮನೆಯಲ್ಲೇ ಇದೆ, ಮೊಮ್ಮಗಳ ದಿಂಬಿನ ಪಕ್ಕ. ಮೂಲೆಗಳೆಲ್ಲ ಜಗಿದು ಹೋಗಿವೆ. ಕಣ್ಣಾಮುಚ್ಚಾಲೆ ಆಡುವ ನೀರಾನೆಯ ಕಥೆ ಅದು. ಮೈ ಅಷ್ಟು ದಪ್ಪ, ಎಲ್ಲಿ ಅಡಗಿದರೂ ಥಟ್ಟನೆ ಸಿಕ್ಕಿಬೀಳುತ್ತದೆ. ಒಂದು ಸಂಜೆ ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆಂದರೆ ಯಾರಿಗೂ ಸಿಗುವುದೇ ಇಲ್ಲ. ಕತ್ತಲಾಗುತ್ತದೆ. ಕೊನೆಗೆ ಗೆಳೆಯ ಆಮೆ ಬಂದು "ಸಿಕ್ಕಿದೆ!" ಎನ್ನುತ್ತದೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಮಗಳಿಗೆ ಭಾನುವಾರವೂ ಬೆಳಗಿನ ಪಾಳಿ. ಹಾಗಾಗಿ ಮೊಮ್ಮಗಳು ಅಜ್ಜಿಯ ಜೊತೆಗೇ ಥಿಯೇಟರಿಗೆ ಹೊರಟಳು. ದಾರಿಯುದ್ದಕ್ಕೂ ಒಂದೇ ರಾಗ. "ಅಜ್ಜಿ, ಅವ್ರು ಕಥೆ ಬದಲಾಯಿಸಿರಲ್ಲ ತಾನೇ? ಆಮೆ ಬಂದೇ ಬರುತ್ತೆ ತಾನೇ?"

"ಬರುತ್ತೆ ಪುಟ್ಟಾ. ಬರದೇ ಎಲ್ಲಿಗೆ ಹೋಗುತ್ತೆ?" ಎಂದರು ಅಜ್ಜಿ. ಒಳಗೊಳಗೇ ಅವರಿಗೂ ಪುಕಪುಕ. ಯಾಕೆಂದು ಈಗ ಹೇಳುತ್ತಾರೆ: "ಮಕ್ಕಳ ಪುಸ್ತಕ ಅಂದ್ರೆ ನಾಲ್ಕೇ ನಾಲ್ಕು ಹಾಳೆ ಇರುತ್ತೆ. ಸಿನಿಮಾ ಎರಡು ಗಂಟೆ. ಮಧ್ಯೆ ಏನಾದ್ರೂ ತುಂಬಿಸ್ಬೇಕಲ್ಲ? ಒಬ್ಬ ವಿಲನ್ ತಂದು ಕೂರಿಸ್ತಾರೆ. ಎರಡು ಹಾಡು ಹಾಕ್ತಾರೆ. ಮಕ್ಕಳು ಇದು ನಮ್ಮದಲ್ಲ ಅಂತ ಮುಖ ಊದಿಸ್ಕೊಂಡು ಹೋಗೋದನ್ನ ನಾನೆಷ್ಟು ಸಲ ನೋಡಿಲ್ಲ! ಅವ್ರಪ್ಪ ಅಮ್ಮ ಚೆನ್ನಾಗಿತ್ತು ಚೆನ್ನಾಗಿತ್ತು ಅಂತ ಸಮಾಧಾನ ಮಾಡ್ತಿರ್ತಾರೆ."

ಅವರು ಅಂದುಕೊಂಡಂತೆಯೇ ಆಯಿತು. ನೀರಾನೆಯನ್ನು ಹಿಡಿದು ಮಾರಲು ಮೀಸೆಯ ವಿಲನ್ ಬಂದ. ಆಮೆ ಮೋಟರ್ ಬೈಕ್ ಹತ್ತಿ ಬಂತು. ಬಾಗಿಲಿನ ಪಕ್ಕದ ಸೀಟಿನಲ್ಲಿ ಕೂತಿದ್ದ ಮೊಮ್ಮಗಳು ಕೈಕಟ್ಟಿಕೊಂಡು ಮೂಗು ಮುರಿದಳು. ಟಾರ್ಚಕ್ಕನಿಗೆ ಚಿಂತೆ ಹತ್ತಿತು. ಇಷ್ಟೆಲ್ಲ ಬದಲಾಯಿಸಿದವರು ಕೊನೆಯನ್ನು ಬಿಟ್ಟಿರುತ್ತಾರೆಯೇ? ಪುಸ್ತಕ ನಂಬಿಕೊಂಡು ನಿಂತರೆ ಇವತ್ತೇ ಸೈಕಲ್ ಸ್ಟ್ಯಾಂಡು!

ವಿಲನ್ ಕೆಸರಿಗೆ ಬಿದ್ದ, ಪೊಲೀಸರು ಹೊತ್ತೊಯ್ದರು, ಅಡಗಿದ್ದ ನೀರಾನೆಯೊಂದನ್ನು ಬಿಟ್ಟು ಪ್ರಾಣಿಗಳೆಲ್ಲ ಕುಣಿದವು. ಸಂಗೀತ ಏರಿ ಏರಿ ನಿಂತಿತು. ಪರದೆ ಕಪ್ಪಾಯಿತು. ಪೂರ್ತಿ ಕಪ್ಪು. ಸದ್ದೂ ಇಲ್ಲ.

ಸೀಟುಗಳು ಧಡ್ ಧಡ್ ಎಂದು ಮಡಚಿಕೊಳ್ಳತೊಡಗಿದವು. ಆ ಕಡೆಯಿಂದ ದೊಡ್ಡಪ್ಪ ಟಾರ್ಚ್ ಮಿನುಗಿಸಿ ತೆಗೆಯಲೇ ಎಂದು ಕೇಳಿದರು. ಟಾರ್ಚಕ್ಕನ ಕೈ ಚಿಲಕದ ಮೇಲಿತ್ತು. ಆಗ ಪಕ್ಕದ ಸೀಟಿನಿಂದ ಅವರ ಸೆರಗು ಎಳೆದಂತಾಯಿತು.

"ಅಜ್ಜಿ, ತೆಗೀಬೇಡ. ಇದು ಕರೀ ಪುಟ."

ಪುಸ್ತಕದಲ್ಲಿ ಹಾಗೊಂದು ಪುಟವಿದೆ, ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ, ಬರೀ ಕಪ್ಪು. ಕಥೆ ಓದುವಾಗ ಅಜ್ಜಿ ಅದನ್ನು ಸರಕ್ಕನೆ ತಿರುವಿಹಾಕುತ್ತಿದ್ದರು, ಓದಲು ಏನೂ ಇಲ್ಲವಲ್ಲ ಎಂದು. ಮೊಮ್ಮಗಳು ಮಾತ್ರ ಪ್ರತಿ ಸಲ ತಡೆದು, ಅದರ ಮೇಲೆ ಅಂಗೈ ಇಟ್ಟು ಒಂದಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದಳು.

ಟಾರ್ಚಕ್ಕ ಚಿಲಕದಿಂದ ಕೈ ತೆಗೆದು ದೊಡ್ಡಪ್ಪನ ಕಡೆ ಟಾರ್ಚನ್ನು ಅಡ್ಡಡ್ಡ ಆಡಿಸಿದರು, ಬೇಡ ಬೇಡ ಎಂದು. ಕತ್ತಲು ಮುಂದುವರಿಯಿತು. ಒಂದು ಮಗು ಅಳಲು ಶುರುಮಾಡಿತು. ಯಾರೋ ಶಿಳ್ಳೆ ಹೊಡೆದರು. ಹಿಂದಿನಿಂದ ಯಜಮಾನರ ದನಿ ಕೇಳಿತು, "ಅಕ್ಕಾ, ಬಾಗಿಲು! ಬಾಗಿಲು!" ಟಾರ್ಚಕ್ಕನ ಜೀವ ಬಾಯಿಗೆ ಬಂತು. ಆದರೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹತ್ತಿರದ ಸಾಲುಗಳಿಗೆ ಕೇಳುವಂತೆ, "ಮುಗ್ದಿಲ್ಲ, ಕೂತ್ಕೊಳ್ಳಿ. ನೀರಾನೆ ಇನ್ನೂ ಸಿಕ್ಕಿಲ್ಲ" ಎಂದರು. ಅಳುತ್ತಿದ್ದ ಮಗು ಬಿಕ್ಕುವುದನ್ನು ನಿಲ್ಲಿಸಿ ಕೇಳಿತು, "ಯಾರು ಹುಡುಕ್ತಾರೆ?" ಪುಸ್ತಕದ ಪ್ರಕಾರ ಆಮೆ. ಈ ಸಿನಿಮಾದವರು ಯಾರನ್ನು ಕಳಿಸುತ್ತಾರೋ ಯಾರಿಗೆ ಗೊತ್ತು?

ಆಗ ಕತ್ತಲೊಳಗಿನಿಂದ, ಮೆಲ್ಲಗೆ, ಬೈಕಿನ ಸದ್ದೇನೂ ಇಲ್ಲದೆ, ಮುದಿ ಆಮೆಯ ದನಿ ಬಂತು. "ಸಿಕ್ಕಿದೆ!"

ಪರದೆ ಬೆಳಗಿತು. ಥಿಯೇಟರಿಗೆ ಥಿಯೇಟರೇ ಹೋ ಎಂದಿತು. ಮೊಮ್ಮಗಳು ಸೀಟಿನ ಮೇಲೆ ಹತ್ತಿ ನಿಂತು ಕುಣಿಯುತ್ತಿದ್ದಳು. ಟಾರ್ಚಕ್ಕ ಬಾಗಿಲಿಗೆ ಒರಗಿಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಉಸ್ಸಪ್ಪಾ ಅಂತ ಉಸಿರು ಬಿಟ್ಟೆ ನೋಡಿ, ಹೋದ ಜೀವ ತಿರುಗಿ ಬಂದಂಗಾಯ್ತು. ಕಣ್ಣಲ್ಲಿ ನೀರು ಬೇರೆ. ಸಿನಿಮಾಕ್ಕೋ, ನನಗೋ, ಗೊತ್ತಿಲ್ಲ" ಎನ್ನುತ್ತಾರೆ.

ಪರದೆಯ ಮೇಲೆ ಹೆಸರುಗಳು ಓಡತೊಡಗಿದ ಮೇಲೆ ಬಾಗಿಲು ತೆರೆಯಿತು. ಎಲ್ಲರೂ ಹೋದ ಬಳಿಕ ಯಜಮಾನರು ಇಳಿದು ಬಂದರು. "ನಾನು ಬಾಗಿಲು ಅಂತ ಅಷ್ಟು ಕೂಗಿದ್ದು ನಿಮಗೆ ಕೇಳಿಸ್ಲಿಲ್ವಾ ಅಕ್ಕಾ?"

"ಕೇಳಿಸ್ಲಿಲ್ಲ ಅಂತಲೇ ಇಟ್ಕೊಳ್ಳಿ ಸಾರ್."

ಯಜಮಾನರು ಕಿಸಕ್ಕನೆ ನಕ್ಕರು. "ಪುಣ್ಯಕ್ಕೆ ಕೇಳಿಸ್ಲಿಲ್ಲ. ಮಧ್ಯಾಹ್ನದ ಆಟಕ್ಕೂ ನೀವೇ ನಿಂತ್ಕೊಳ್ಳಿ." ಅಂದಿನಿಂದ ಸೈಕಲ್ ಸ್ಟ್ಯಾಂಡಿನ ಸುದ್ದಿ ಎತ್ತಿಲ್ಲ. ಮೊಮ್ಮಗಳ ತೀರ್ಪೂ ಬಂದಿದೆ. ಬೈಕು ಕೆಟ್ಟದು, ವಿಲನ್ ಬೇಡವಾಗಿತ್ತು, ಉಳಿದದ್ದು ಪರವಾಗಿಲ್ಲ.

ನೀರಾನೆಗೂ ಎರಡನೇ ಭಾಗ ಬರುತ್ತದಂತೆ ಎಂದರೆ ಟಾರ್ಚಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಬರ್ಲಿ ಬಿಡಿ. ಪುಸ್ತಕಾನೂ ಇರಲ್ಲ ಅದಕ್ಕೆ, ಯಾರನ್ನ ಕೇಳ್ಲಿ ನಾನು?" ಆಮೇಲೆ ಕತ್ತಲಾದ ಥಿಯೇಟರಿನ ಕಡೆ ತಿರುಗಿ, ಇಡೀ ಬೆಳಗ್ಗೆ ತಡೆದಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಹೇಳುತ್ತಾರೆ.

"ಅವತ್ತು ಅಷ್ಟು ಹೊತ್ತು ಕತ್ತಲಾಯ್ತಲ್ಲ, ಒಂದು ಮಗುನೂ ಹೋದ ಸಲದ ಹಾಗೆ ಅರ್ಧಕ್ಕೆ ಎದ್ದು ಹೊರಗೆ ಹೋಗ್ಲಿಲ್ಲ ನೋಡಿ. ಬಾಗಿಲ ಹತ್ರ ನಾನಿದ್ದೆ."