ಬಾಗಿಲಿಲ್ಲದ ಊರಿನಲ್ಲಿ ಮಾರ್ತಾ

ವಿಮಾನ ತಪ್ಪಬಹುದಿತ್ತು. ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ನೋಂದಣಿ ತಡವಾಗಬಹುದಿತ್ತು. ಹಾಸ್ಟೆಲ್ಲಿನ ನೀರು ಕುಡಿದು ಹೊಟ್ಟೆ ಕೆಡಬಹುದಿತ್ತು, ಮೆಸ್ಸಿನ ಕೆಂಪು ಚಟ್ನಿ ತಿಂದು ಇನ್ನೂ ಕೆಡಬಹುದಿತ್ತು. ಬೀದಿನಾಯಿ ಕಚ್ಚಬಹುದಿತ್ತು. ಚೇಳು ಕುಟುಕಬಹುದಿತ್ತು. ನರಗುಂದದ ಬಸ್ಸಿನಲ್ಲಿ ಪಾಸ್‌ಪೋರ್ಟ್ ಕಳೆಯಬಹುದಿತ್ತು. ಮಲಪ್ರಭೆಯ ದಂಡೆಯಲ್ಲಿ ಸೆಲ್ಫಿ ತೆಗೆಯಲು ಹೋಗಿ ಕಾಲು ಜಾರಬಹುದಿತ್ತು. ನಮ್ಮ ಹುಡುಗರಲ್ಲಿ ಯಾವನಾದರೂ ಪ್ರೇಮಪತ್ರ ಬರೆದು ವಿಶ್ವವಿದ್ಯಾಲಯದ ಮಾನ ಕಳೆಯಬಹುದಿತ್ತು.

ಇದನ್ನೆಲ್ಲ ನಾನು ಮೊದಲೇ ಯೋಚಿಸಿಟ್ಟಿದ್ದೆ. ಚಿಂತೆಯ ವಿಷಯದಲ್ಲಿ ನಾನು ಯಾವುದನ್ನೂ ನಾಳೆಗೆ ಉಳಿಸುವವನಲ್ಲ. "ನಿಮಗ ಪಾಠ ಮಾಡಾಕಲ್ಲ, ಚಿಂತಿ ಮಾಡಾಕ ಪಗಾರ ಕೊಡ್ತಾರ" ಎಂದು ಗಜೇಂದ್ರಗಡದಲ್ಲಿರುವ ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

ಈಗ ಹೇಳುವುದೂ ಸುಳ್ಳಲ್ಲ. ನಂಬದವರು ನಂಬದಿರಲಿ. ನಂಬದೇ ಇರುವ ಅವಕಾಶ ನನಗೆ ಸಿಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲ...

ನಮ್ಮ ವಿಶ್ವವಿದ್ಯಾಲಯಕ್ಕೂ ಪೋಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿತ್ತು. ಅಲ್ಲಿಯ ಒಬ್ಬರು ಒಂದು ಸೆಮಿಸ್ಟರ್ ಇಲ್ಲಿ ಓದಬೇಕು, ಇಲ್ಲಿಯ ಒಬ್ಬರು ಅಲ್ಲಿ. ಸಂಯೋಜಕ ನಾನು. ನನ್ನ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಒಂದು ಮುದ್ರೆ ಬಿದ್ದಿಲ್ಲ. ಬೇರೆ ಯಾರೂ ಒಲ್ಲೆ ಎಂದದ್ದರಿಂದ ಕೆಲಸ ನನಗೆ ಬಂದಿತ್ತು.

ಅಲ್ಲಿಂದ ಬಂದವಳು ಮಾರ್ತಾ. ಮನೆಗಳ ಬಗ್ಗೆ ಓದುವ ಹುಡುಗಿ: ಜನ ಮನೆ ಹೇಗೆ ಕಟ್ಟುತ್ತಾರೆ, ಯಾಕೆ ಬಿಡುತ್ತಾರೆ ಎಂದು. ಇಲ್ಲಿಂದ ಹೋಗಬೇಕಾದವಳು ರೋಣದ ಸವಿತಾ, ಹೊಲಿಗೆ ಮಾಡುವ ತಾಯಿಯ ಒಬ್ಬಳೇ ಮಗಳು, ಹುಬ್ಬಳ್ಳಿಯ ಆಚೆ ರೈಲು ಹತ್ತಿದವಳಲ್ಲ. ಮಾರ್ತಾಳಿಗೆ ಕನ್ನಡ ಕಲಿಸುವ ಜೊತೆಗಾತಿಯೂ ಅವಳೇ. ಮಾರ್ತಾಳಿಗೆ ಕೂದಲು ಕೊಂಕಿದರೂ ಒಪ್ಪಂದ ಮುರಿಯುತ್ತದೆ, ಸವಿತಾಳ ಅವಕಾಶವೂ ಹೋಗುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಕೊಣ್ಣೂರಿನ ಹತ್ತಿರ ಹೊಳೆದಂಡೆಯ ಒಂದು ಹಳ್ಳಿ. ಹೆಸರು ಬೇಡ. ಮಹಾಪೂರ ಬಂದ ಮೇಲೆ ಇಡೀ ಊರನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಿದ್ದರು. ಹಳೆಯ ಊರು ಹೊಳೆಯ ಮಗ್ಗುಲಲ್ಲಿ ಹಾಗೆಯೇ ಬಿದ್ದಿತ್ತು. ಹೊಸ ಊರಿನಲ್ಲಿ ಗಂಗವ್ವ ಎಂಬ ಹೆಂಗಸಿನ ಮನೆಯಲ್ಲಿ ಮಾರ್ತಾ ಎರಡು ದಿನ ಉಳಿಯುವುದೆಂದು ಗೊತ್ತಾಗಿತ್ತು. ಮೊದಲ ದಿನ ಬೆಳಿಗ್ಗೆ ಅವಳು ಕೊಣ್ಣೂರಿನ ಸೇತುವೆ ನೋಡಲು ಒಬ್ಬಳೇ ಹೋದಳು. ಅಲ್ಲಿಂದ ಟಂಟಂ ಆಟೊ ಹತ್ತಿ ಊರಿಗೆ ಬರಬೇಕು. ಸವಿತಾಳಿಗೆ ಪರೀಕ್ಷೆ ಇದ್ದದ್ದರಿಂದ ಅವಳು ಸಂಜೆ ನನ್ನ ಕಾರಿನಲ್ಲಿ ಬಂದಳು.

ಗಂಗವ್ವ ನಮ್ಮನ್ನು ನೋಡಿದ ಕೂಡಲೇ ಮುಖ ಗಂಟಿಕ್ಕಿದಳು.

"ಮತ್ತ ಬಂದ್ರೇನ್ರಿ ಮಾಸ್ತರ? ನೀರು ಎಲ್ಲೀ ತನಾ ಬಂದಿತ್ತು ಅಂತ ಹ್ವಾದ ಸಲ ಕೇಳಿದ್ರಿ. ಎದೀ ತನಾ ಬಂದಿತ್ತು, ಬರಕೋರಿ ಅಂದೆ. ಈಗೇನು, ಕಡಿಮಿ ಆತೇನಂತ ಕೇಳಾಕ ಬಂದ್ರೇನು?"

"ಈ ಸಲ ನೀರಲ್ಲ ಆಯಿ, ಮನಿ," ಎಂದಳು ಸವಿತಾ. "ಮನಿ ಹ್ಯಾಂಗ ಕಟ್ಟೀರಿ ಅಂತ ಪರದೇಶದ ಹುಡುಗಿ ನೋಡ್ತಾಳ."

"ನಾವೆಲ್ಲಿ ಕಟ್ಟೇವಿ? ಸರಕಾರ ಕಟ್ಟೇತಿ. ನಾವು ಬಾಗಿಲಾ ಅಷ್ಟ ಹಚ್ಚೇವಿ."

ಖರೆ. ಸರಕಾರದ ತಗಡಿನ ಬಾಗಿಲು ಯಾರಿಗೂ ಮನಸ್ಸಿಗೆ ಬಂದಿರಲಿಲ್ಲ. ಊರವರೆಲ್ಲ ಹಳೆಯ ಊರಿಗೆ ಹೋಗಿ, ತಮ್ಮ ತಮ್ಮ ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಊರ ಹೆಬ್ಬಾಗಿಲು, ಅಂದರೆ ಅಗಸಿಯ ಕದಗಳನ್ನೂ ಬಿಟ್ಟಿರಲಿಲ್ಲ. ಹಳೆಯ ಮನೆಯ ದೊಡ್ಡ ಬಾಗಿಲು ಗಂಗವ್ವನ ಈ ಸಣ್ಣ ಮನೆಗೆ, ಕೂಸಿನ ತಲೆಗೆ ಅಜ್ಜನ ರುಮಾಲು ಸುತ್ತಿದ ಹಾಗೆ ಕಾಣುತ್ತಿತ್ತು.

ಚಳಿಗಾಲದ ಸಂಜೆ ಬೇಗ ಮುಗಿಯಿತು. ದೀಪ ಹಚ್ಚಿದರು. ಮಾರ್ತಾ ಬರಲಿಲ್ಲ. ಟಂಟಂ ಪಲ್ಟಿಯಾಗುವ ನಾನಾ ವಿಧಾನಗಳನ್ನು ನಾನು ಯೋಚಿಸುತ್ತಿರುವಾಗ ಫೋನು ಬಂತು.

"ಸರ್, ದಾರಿಯಲ್ಲಿ ಗಾಡಿ ಕೆಟ್ಟಿತು, ಅಲ್ಲಿಂದ ಒಬ್ಬಳೇ ನಡೆದು ಬಂದೆ, ಈಗ ಊರಲ್ಲಿದ್ದೇನೆ. ಆದರೆ ನಾನು ಬಂದದ್ದು ಇಲ್ಲಿಯವರಿಗೆ ಇಷ್ಟವಿಲ್ಲ ಅನಿಸುತ್ತದೆ." ಅವಳು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. "ಹತ್ತಿರ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದಾದ ಮೇಲೊಂದು ಮನೆ. ದೀಪಾನೂ ಹಚ್ಚಿಲ್ಲ. ಸವಿತಾ ಕಲಿಸಿದ ಹಾಗೆ 'ಯವ್ವಾ, ಆರಾಮ ಅದೀರೇನ್ರಿ' ಅಂತಲೂ ಕೇಳಿದೆ..."

ಫೋನಿನೊಳಗೇ ನನಗೆ ಕೇಳಿಸಿತು. ಧಡ್... ಆಮೇಲೆ ಚಿಲಕ ಬಿದ್ದ ಸದ್ದು.

"ಎಲ್ಲಿದ್ದೀಯಮ್ಮಾ ನೀನು?"

"ನೀವು ಮ್ಯಾಪಿನಲ್ಲಿ ಕಳಿಸಿದ ಜಾಗದಲ್ಲೇ."

ಊರಿನ ಹೆಸರು ಹೊಡೆದು, ಮ್ಯಾಪು ತೋರಿಸಿದ ಗುರುತನ್ನೇ ಅವಳಿಗೆ ಕಳಿಸಿದ್ದೆ. ಊರು ಎದ್ದು ಬಂದದ್ದು ಜನರಿಗೆ ಗೊತ್ತು, ಮ್ಯಾಪಿಗೆ ಏನು ಗೊತ್ತು? ಅವಳ ರಕ್ತದ ಗುಂಪು ಯಾವುದೆಂದು ಮತ್ತೆ ಮತ್ತೆ ನೋಡಿದ ನಾನು ಇದೊಂದನ್ನು ನೋಡಿರಲಿಲ್ಲ.

ವಿಷಯ ಕೇಳಿದ ಗಂಗವ್ವನ ಕೈ ಹಿಟ್ಟಿನೊಳಗೇ ನಿಂತಿತು.

"ಬಾಗಿಲಾ ಹಾಕ್ಕೊಂತಾರಂತ?" ಎಂದಳು. ಎದ್ದು ಬಂದು, ಹಿಟ್ಟಿನ ಕೈಯಿಂದಲೇ ತನ್ನ ಬಾಗಿಲನ್ನು ಮುಟ್ಟಿದಳು. "ಆ ಊರಾಗ ಬಾಗಿಲಾ ಎಲ್ಲಿ ಅದಾವ್ರಿ ಮಾಸ್ತರ?"

ಯಾರೂ ಮಾತಾಡಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು.

ದಾರಿ ತೋರಿಸಲು ಗಂಗವ್ವ ಕಾರು ಹತ್ತಿದಳು. ಬಳ್ಳಾರಿ ಜಾಲಿ ಎರಡೂ ಕಡೆ ಗಾಜನ್ನು ಕೆರೆಯುತ್ತಿತ್ತು. ಅರ್ಧ ದಾರಿಯಲ್ಲಿ ಮತ್ತೆ ಫೋನು.

"ಸರ್, ಒಂದು ಮನೆ ತೆರೆದಿತ್ತು, ಒಳಗೆ ಬಂದೆ." ಈಗ ಅವಳು ಅಳುತ್ತಿದ್ದಳು. "ಹೊರಗಿನಿಂದ ಹಾಕಿಬಿಟ್ಟಿದ್ದಾರೆ. ತೆಗೆಯುತ್ತಿಲ್ಲ..."

ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಅಗಸಿಯ ಎರಡು ಕಲ್ಲುಕಂಬಗಳು ಹೆಡ್‌ಲೈಟಿನಲ್ಲಿ ಕಂಡವು. ನಡುವೆ ಏನೂ ಇಲ್ಲ. ಗಂಗವ್ವ ಸೀಟಿನಲ್ಲಿ ಕೆಳಕ್ಕೆ ಸರಿದು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ನಾ ಇಳಿಯಂಗಿಲ್ರಿ. ನನ್ನ ಗುರ್ತಾ ಹಿಡೀತೈತಿ."

"ಯಾರು?"

"ಊರು." ಅವಳ ದನಿ ಸಣ್ಣದಾಗಿತ್ತು. "ಬಿಟ್ಟ ಹ್ವಾದ್ರು ಅಂತ ಸಿಟ್ಟೈತಿ ಅದಕ್ಕ. ಬಾಗಿಲಾ ಸುದ್ದಾ ಕಿತಗೊಂಡು ಬಂದೇವಿ... ಮೈಮ್ಯಾಲಿನ ಅರಿವಿ ಕಸಗೊಂಡಂಗ. ಲಗೂ ಹೋಗಿ ಕರಕೊಂಡ ಬರ್ರಿ. ಯಾವ ಮನಿ ಒಳಗೂ ಕಾಲ ಇಡಬ್ಯಾಡ್ರಿ."

ನಾನು, ಸವಿತಾ ಇಳಿದೆವು. ನನಗಿಂತ ಅರ್ಧಕ್ಕೂ ಕಡಿಮೆ ವಯಸ್ಸಿನ ಹುಡುಗಿ ಮುಂದೆ, ಸಂಯೋಜಕರು ಹಿಂದೆ.

ಟಾರ್ಚಿನ ಬೆಳಕಿನಲ್ಲಿ ಓಣಿಯ ಮನೆಗಳು ಹಲ್ಲು ಕಿತ್ತ ಬಾಯಿಗಳ ಹಾಗೆ ನಿಂತಿದ್ದವು. ಬಾಗಿಲಿದ್ದಲ್ಲಿ ಬರೀ ಕಂಡಿ. ಒಳಗೆ ಮಾಳಿಗೆ ಕುಸಿದು ಆಕಾಶ ಕಾಣುತ್ತಿತ್ತು. ಹಳೆಯ ಕೆಸರಿನ ನಾತ, ಬಾವಲಿಯ ಹಿಕ್ಕೆಯ ನಾತ... ಅದರ ನಡುವೆ, ಈಗಷ್ಟೇ ಸೆಗಣಿ ಸಾರಿಸಿದ ನೆಲದ ವಾಸನೆ.

"ಮಾರ್ತಾ!" ಎಂದು ಕೂಗಿದೆ.

ಧಡ್!

ನನ್ನ ಬಲಗಿವಿಯ ಪಕ್ಕದಲ್ಲೇ. ಟಾರ್ಚು ತಿರುಗಿಸಿದೆ. ಖಾಲಿ ಕಂಡಿ. ಆದರೆ ಮುಖಕ್ಕೆ ಗಾಳಿ ಬಡಿದಿತ್ತು... ಯಾರೋ ಎದುರಿಗೇ ಬಾಗಿಲು ಹಾಕಿದಾಗ ಬರುತ್ತದಲ್ಲ, ಅದೇ ಗಾಳಿ.

ಮುಂದಿನ ಮನೆ. ಧಡ್! ಅದರ ಎದುರಿನದು. ಧಡ್! ಒಳಗೆ ಅಗಳಿ ಸರಿಸುವ ಸದ್ದು, ಮರಕ್ಕೆ ಮರ ಉಜ್ಜುವ ಸದ್ದು. ನಾವು ನಡೆದ ಹಾಗೆಲ್ಲ ಓಣಿ ನಮ್ಮ ಮುಂದೆ ಮುಂದೆ ಮುಚ್ಚಿಕೊಳ್ಳುತ್ತ ಹೋಯಿತು. ಕಣ್ಣಿಗೆ ಎಲ್ಲ ತೆರೆದೇ ಇತ್ತು.

ಸವಿತಾ ನನ್ನ ತೋಳು ಹಿಡಿದಳು. "ಸರ್, ಓಡಬ್ಯಾಡ್ರಿ. ಓಡಿದ್ರ ನೀವು ಬೀಳ್ತೀರಿ. ಆಮ್ಯಾಲೆ ನಾ ಇಬ್ಬರನ್ನ ಹೊರಬೇಕಾಕ್ಕೇತಿ."

ಓಣಿಯ ತುದಿಯಲ್ಲಿ ಮಾರ್ತಾ ಇದ್ದಳು. ಒಂದು ಮನೆಯ ಹೊಸ್ತಿಲ ಒಳಗೆ, ಆ ತೆರೆದ ಕಂಡಿಯಲ್ಲಿ, ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಳು. ಒಂದು ಹೆಜ್ಜೆ ಇಟ್ಟರೆ ಹೊರಗೆ.

ಅವಳು ಇಡಲಿಲ್ಲ. ಎರಡೂ ಅಂಗೈಗಳನ್ನು ಎದುರಿಗೆ ಒತ್ತಿ ಹಿಡಿದಿದ್ದಳು. ಗೋಡೆಗೆ ಒತ್ತಿದರೆ ಅಂಗೈ ಬಿಳಿಚಿ ಚಪ್ಪಟೆಯಾಗುತ್ತದಲ್ಲ, ಹಾಗೆ ಆಗಿದ್ದವು. ಎದುರಿಗೆ ಇದ್ದದ್ದು ಬರೀ ಗಾಳಿ.

"ಸರ್? ನೀವೇನಾ?" ಎಂದಳು. ದನಿ ದಪ್ಪ ಹಲಗೆಯ ಆಚೆಯಿಂದ ಬಂದಂತಿತ್ತು. "ಟಾರ್ಚು ತಂದಿಲ್ಲವಾ? ಕತ್ತಲಲ್ಲಿ ಏನೂ ಕಾಣುತ್ತಿಲ್ಲ."

ನನ್ನ ಟಾರ್ಚಿನ ಬೆಳಕು ಅವಳ ಕಣ್ಣಿನ ಮೇಲೇ ಇತ್ತು.

ಅವಳ ಹಿಂದಿನ ಕತ್ತಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು... ಪಡಸಾಲೆಯಲ್ಲಿ ಕೂತ ಹಿರಿಯರು, ಬೇಡದ ಬೀಗರು ಬಂದಾಗ ಮಾಡುವ ಹಾಗೆ.

"ಚಿಲಕಾ ತಗೀಬೇಕ್ರಿ ಸರ್," ಎಂದಳು ಸವಿತಾ.

"ಯಾವ ಚಿಲಕ? ಎಲ್ಲೈತಿ ಚಿಲಕ?"

"ನಮಗಿಲ್ಲ. ಆಕಿಗಿ ಐತಲ್ರಿ."

ಅವಳು ತುದಿಗಾಲಿನಲ್ಲಿ ನಿಂತು ಕೈ ಮೇಲಕ್ಕೆ ಚಾಚಿದಳು. ರೋಣದ ಅವಳ ಮನೆಯಂಥ ಹಳೆಯ ಮನೆಗಳಲ್ಲಿ ಸರಪಳಿ ಚಿಲಕ ಬಾಗಿಲ ನೆತ್ತಿಯಲ್ಲಿರುತ್ತದೆ. ಆ ಎತ್ತರದಲ್ಲಿ ಗಾಳಿಯನ್ನು ಹಿಡಿದು ಎಳೆದಳು. ಏನೂ ಆಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು.

"ಬಿಡೋ ಮಾರಾಯಾ," ಎಂದಳು, ಯಾರಿಗೋ. "ಆಕಿ ನಿಮ್ಮ ಬಾಗಿಲಾ ಒಯ್ದಾಕಿ ಅಲ್ಲ."

ಸರಪಳಿ ಕಳಚಿ ಬಿದ್ದು ಓಲಾಡಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೀರ್... ಎಂದು ತಿರುಗಣಿ ಕಿರುಗುಟ್ಟಿತು. ಮಾರ್ತಾ ಮುಂದಕ್ಕೆ ಬಿದ್ದಳು. ನಾನು ಎಡಗೈಯನ್ನು ಕಂಡಿಯ ಅಂಚಿಗೆ ಊರಿ, ಬಲಗೈಯಿಂದ ಅವಳ ರಟ್ಟೆ ಹಿಡಿದು ಹೊರಗೆ ಎಳೆದೆ.

ಧಡ್!

ಎಡಗೈಯಿಂದ ನೆತ್ತಿಯವರೆಗೆ ಬೆಂಕಿ ಹತ್ತಿದ ಹಾಗಾಯಿತು. ಚೇಳು! ಅಂದುಕೊಂಡೆ. ಅಂತೂ ಕುಟುಕಿತು!

ಓಡಬಾರದು ಎಂದಿದ್ದ ಸವಿತಾಳೇ ಎಲ್ಲರಿಗಿಂತ ಮುಂದೆ ಓಡಿದಳು. ಕಾರು ಹತ್ತಿದಾಗ ಗಂಗವ್ವ ಸೆರಗಿನೊಳಗಿಂದಲೇ ಕೇಳಿದಳು. "ಹ್ವಾದಷ್ಟೂ ಮಂದಿ ಬಂದ್ರಿಲ್ಲೋ? ಹೆಚ್ಚಿಗಿ ಯಾರೂ ಬಂದಿಲ್ಲಲ್ಲ?"

ಯಾಕೆ ಹಾಗೆ ಕೇಳಿದಳೆಂದು ನಾನು ವಿಚಾರಿಸಲಿಲ್ಲ. ಕಾರು ತಿರುಗಿಸುವಾಗ ಹಿಂದಿನಿಂದ ಒಂದು ದೊಡ್ಡ, ನಿಧಾನದ ಸದ್ದು ಬಂತು. ಎರಡಾಳೆತ್ತರದ ಕದಗಳು ನೆಲ ಕೆರೆಯುತ್ತ ಬಂದು ಒಂದಕ್ಕೊಂದು ಕೂಡಿದ ಸದ್ದು.

"ಅಗಸಿ ಹಾಕ್ಕೊಂತು," ಎಂದಳು ಗಂಗವ್ವ.

ಸ್ವಲ್ಪ ದೂರ ಬಂದ ಮೇಲೆ ಮಾರ್ತಾ ಮೆಲ್ಲಗೆ ಹೇಳಿದಳು. "ಒಳಗೆ ತುಂಬ ಜನ ಇದ್ದರು ಸರ್. ನನ್ನ ಹತ್ತಿರ ಯಾರೂ ಮಾತಾಡಲಿಲ್ಲ. ಯಾರನ್ನೋ ಬೈಯುತ್ತಲೇ ಇದ್ದರು. ಅವರನ್ನು ಕರೆದುಕೊಂಡು ಬಾ ಅನ್ನುತ್ತಿದ್ದ ಹಾಗಿತ್ತು."

ಸವಿತಾ ಅದನ್ನು ಗಂಗವ್ವನಿಗೆ ಕನ್ನಡದಲ್ಲಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗಂಗವ್ವನನ್ನು ಮನೆಗೆ ಬಿಟ್ಟು, ಅದೇ ರಾತ್ರಿ ಮೂವರೂ ನರಗುಂದದ ದವಾಖಾನೆಗೆ ಹೋದೆವು. ಮಾರ್ತಾಳಿಗೆ ಒಂದು ಗೀರೂ ಆಗಿರಲಿಲ್ಲ. ನಾನು ಮಾತ್ರ ಚೇಳಿನ ಇಂಜೆಕ್ಷನ್ ಬೇಕೆಂದು ಗೋಗರೆಯುತ್ತಿದ್ದೆ. ಡಾಕ್ಟರು ಊದಿದ ಕಿರುಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂಥಾ ಚೇಳ್ರೀ? ಕಿರಿಬಳ್ಳ ಬಾಗಿಲಾ ಸಂದಿನಾಗ ಸಿಕ್ಕು ಜಜ್ಜೇತಿ. ಹಳೇ ಕಾಲದ ದಪ್ಪ ಬಾಗಿಲಾ ಇರಬೇಕು. ಯಾರ ಮನ್ಯಾಗಿಂದು?"

ನಾನು ಸವಿತಾಳ ಮುಖ ನೋಡಿದೆ. ಅವಳು ಮಾರ್ತಾಳನ್ನು ಕರೆದುಕೊಂಡು ಹೊರಗೆ ಹೊರಟಿದ್ದಳು.

ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮಾರ್ತಾ ತನ್ನ ಸೆಮಿಸ್ಟರ್ ಮುಗಿಸಿ ಆರೋಗ್ಯವಾಗಿ ಹೋದಳು. ಸವಿತಾ ಅಲ್ಲಿಗೆ ಹೋಗಿ, ಹಿಮದಲ್ಲಿ ನಿಂತು ನಗುವ ಫೋಟೊ ಕಳಿಸಿದಳು. ಒಪ್ಪಂದ ನವೀಕರಣವಾಯಿತು, ಸಂಯೋಜಕ ನಾನೇ ಉಳಿದೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ.

ಎಡಗೈ ಕಿರುಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು, ಅಷ್ಟೇ. ಹೊಸದು ತಾನಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಂದಿಲ್ಲ.